ಅತ್ತೆ ಹಾಕಿಸಿದ ದೊಡ್ಡ ಟೈರು

ಅತ್ತೆ,

ನಿಮ್ಮ ಸೊಸೆ ಸುಧಾ ಬರೆಯುತ್ತಿದ್ದೇನೆ. ನಮಸ್ಕಾರ ಆಮೇಲೆ, ಮೊದಲು ಜಗಳ. ಅಕ್ಷರ ಸೊಟ್ಟಗಿದೆ ಎಂದು ಮೂಗು ಮುರಿಯಬೇಡಿ. ಬಲ ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಅದು ಹೇಗಾಯಿತೆಂದೂ ಹೇಳುತ್ತೇನೆ. ಆರ್ಮುಗಂ ನಿಮಗೊಂದು ಮಾತು ಹೇಳಿ ಕಳಿಸಿದ್ದಾನೆ. ಹೌದು, ಅದೇ ಆರ್ಮುಗಂ, ನೀವು ಕಳ್ಳ ಎಂದು ಕರೆದು ಲಾರಿಯಿಂದ ಇಳಿಸಿದ ನಿಮ್ಮ ಡ್ರೈವರ್. ನಿಮ್ಮ ಫೋಟೋದ ಮುಂದೆ ನಿಂತು ಆ ಮಾತು ಹೇಳಲು ಹೋದರೆ ನಿಮ್ಮ ಮಗ ಗೋಪಿ "ನಿಂಗೇನು ಪೈತ್ಯಾನಾ, ತಲೆ ಕೆಟ್ಟಿದೆಯಾ?" ಎಂದು ಬೈದ. ಅದಕ್ಕೇ ಈ ಕಾಗದ.

ಟೈರ್ ಅಂಗಡಿಯ ಆ ಮಧ್ಯಾಹ್ನ ನೆನಪಿದೆಯೇ? ಮದ್ರಾಸು ಚೆನ್ನೈ ಆಗಿ ಕೆಲವು ವರ್ಷವಾಗಿತ್ತು, ನಿಮ್ಮ ಬಾಯಲ್ಲಿ ಮಾತ್ರ ಆಗಿರಲಿಲ್ಲ. ಡೀಸೆಲ್ ಬೆಲೆ ಮತ್ತೆ ಏರಿತ್ತು. ಮಾವ ಬಿಟ್ಟುಹೋದ ನಮ್ಮ ಒಂದೇ ಲಾರಿ ಹೋಗುವಾಗ ಪ್ಲಾಸ್ಟಿಕ್ ಕೊಡ ತುಂಬಿಕೊಂಡು ಹೋಗಿ, ಬರುವಾಗ ಕೋವಿಲ್‌ಪಟ್ಟಿಯಿಂದ ಬೆಂಕಿಪೊಟ್ಟಣ ತರುತ್ತಿತ್ತು. ಟೈರುಗಳು ಸವೆದು ಬೋಳಾಗಿದ್ದವು. ಹಳೆಯವು ನೈನ್-ಟ್ವೆಂಟಿ. ನೀವು ಅದಕ್ಕಿಂತ ಒಂದಳತೆ ದೊಡ್ಡದು, ಎತ್ತರದ್ದು, ಟೆನ್-ಟ್ವೆಂಟಿ ಬೇಕೆಂದು ಹಟ ಹಿಡಿದು ಕೂತಿರಿ.

"ಅಮ್ಮಾ, ದೊಡ್ಡ ಟೈರು ಭಾರ. ಎಂಜಿನ್ ಎಳೆಯಲ್ಲ. ಅಂಗಡಿಯವನು ಚುಮ್ಮಾ ನಿನ್ನ ತಲೆಗೆ ಕಟ್ತಾ ಇದಾನೆ," ಎಂದ ಗೋಪಿ. ವಿಮೆ ಕಚೇರಿಯಲ್ಲಿ ಕೂತವನಿಗೆ ಎಲ್ಲದರಲ್ಲೂ ಅಪಾಯವೇ ಕಾಣುತ್ತದೆ.

"ಘಾಟಿ ಹತ್ತೋ ಲಾರಿಗೆ ಆ ಮಾತು ಸರಿ ಕಣೋ," ಎಂದಿರಿ ನೀವು. "ತಾಂಬರಂ ದಾಟಿದ್ರೆ ಕೋವಿಲ್‌ಪಟ್ಟಿವರೆಗೂ ರೋಡು ಚಪಾತಿ ಲಟ್ಟಿಸಿದ ಹಾಗಿದೆ. ಬೆಂಕಿಪೊಟ್ಟಣಕ್ಕೆ ಏನು ತೂಕ? ಉದ್ದ ಕಾಲಿನವಳು ಕಡಿಮೆ ಹೆಜ್ಜೆ ಹಾಕಿ ಊರು ಸೇರ್ತಾಳೆ, ದಣಿಯೋದೂ ಕಡಿಮೆ. ನಿನ್ನ ಹೆಂಡ್ತಿನ ನೋಡು, ನನ್ನ ಒಂದು ಹೆಜ್ಜೆಗೆ ಎರಡು ಇಡ್ತಾಳೆ. ಮಾರ್ಕೆಟ್ಟಿಗೆ ಹೋಗಿ ಬರೋಷ್ಟ್ರಲ್ಲಿ ಏದುಸಿರು!"

ಅಂಗಡಿಯವನು ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಲಾರಿಯೊಳಗೆ ಒಂದು ದಿನವೂ ಕೂರದ ನೀವು ಅಷ್ಟು ಖಡಾಖಂಡಿತವಾಗಿ ಹೇಳಿದ್ದು ಕೇಳಿ ಒಳಗೊಳಗೇ ಹೆಮ್ಮೆಯಾಗಿತ್ತು. ಆರೂ ಚಕ್ರಕ್ಕೆ ದೊಡ್ಡ ಟೈರು ಬಂತು. ಸ್ಟೆಪ್ನಿ ಮಾತ್ರ ಹಳೆಯ ಅಳತೆಯದೇ ಇರಲಿ ಎಂದಿರಿ. "ಸುಮ್ನೆ ನೇತಾಡೋದಕ್ಕೆ ಹೊಸದ್ಯಾಕೆ?" ಆ ಜಿಪುಣತನಕ್ಕೆ ಈಗ ಕೈಮುಗಿಯಬೇಕೆನಿಸುತ್ತದೆ.

ಕೋವಿಲ್‌ಪಟ್ಟಿಯ ಎಸ್‌ಟಿಡಿ ಬೂತಿನಿಂದ ಆರ್ಮುಗಂ ಫೋನ್ ಮಾಡುವ ಹೊತ್ತಿಗೆ ನೀವು ಮಡಿಯಲ್ಲಿರುತ್ತಿದ್ದಿರಿ. ರಿಸೀವರು ನನ್ನ ಕೈಯಲ್ಲಿ, ಕಿವಿ ನಿಮ್ಮದು. ಅವನು ಮೀಟರ್ ಓದಿ ಹೇಳಬೇಕು, ತುಂಬಿಸಿದ ಡೀಸೆಲ್ ಹೇಳಬೇಕು, ಗೋಪಿ ಭಾಗಾಕಾರ ಮಾಡಬೇಕು. ಲೀಟರಿಗೆ ಎಷ್ಟು ದೂರ ಓಡಿತು ಎಂಬುದೇ ನಿಮಗೆ ಆ ದಿನದ ಪಂಚಾಂಗ. ಹೊಸ ಟೈರಿನ ಮೊದಲ ಟ್ರಿಪ್ಪಿಗೆ ಮೈಲೇಜು ಏರಬೇಕಿತ್ತು. ಇಳಿಯಿತು. ಎರಡನೆಯ ಟ್ರಿಪ್ಪಿಗೂ ಅಷ್ಟೇ. ಸಾಲದೆಂಬಂತೆ, ಅದೇ ಊರು ಅದೇ ದಾರಿಗೆ ಮೀಟರು ಮೊದಲಿಗಿಂತ ಕಡಿಮೆ ದೂರ ತೋರಿಸುತ್ತಿತ್ತು. ನಿಮ್ಮ ಮುಖ ಗಂಟಿಕ್ಕಿಕೊಂಡದ್ದು ಅಂದಿನಿಂದ.

"ಮೀಟರ್ ತಂತಿ ಕೀಳ್ತಿದಾನೆ," ಎಂದಿರಿ ಊಟಕ್ಕೆ ಕೂತಾಗ. "ತಂತಿ ಕಿತ್ತು ನನ್ನ ಡೀಸೆಲಲ್ಲಿ ಎಲ್ಲೋ ಬೇರೆ ಬಾಡಿಗೆ ಹೊಡೀತಾನೆ. ಮತ್ತೆ ಸಿಕ್ಕಿಸೋಷ್ಟ್ರಲ್ಲಿ ನಾಲ್ಕು ಊರು ದಾಟಿರತ್ತೆ. ಇನ್ನೇನು ಮತ್ತೆ?"

ಇನ್ನೇನು ಎಂದರೆ, ಟೈರಿನ ಲೆಕ್ಕವೇ ತಪ್ಪಿರಬಹುದಲ್ಲ ಅತ್ತೆ? ಆ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಆಡಿಯೇಬಿಟ್ಟೆ. ನೀವು ತಟ್ಟೆ ಬಿಟ್ಟು ಎದ್ದಿರಿ. ಮಾವ ಸತ್ತ ಮೇಲೆ ಗಂಡಸರೇ ತುಂಬಿದ ಆ ಲಾರಿ ಯಾರ್ಡಿನಲ್ಲಿ ತಲೆಯೆತ್ತಿ ನಿಂತವರು ನೀವು. ಒಂದು ಸಲ ತಪ್ಪಿದರೆ ಎಲ್ಲರೂ ನಗುತ್ತಾರೆಂಬ ಭಯ ನಿಮಗಿತ್ತು, ನನಗೆ ಗೊತ್ತು. ಆದರೆ ನಿಮ್ಮ ಟೈರು ತಪ್ಪಲ್ಲ ಎನ್ನುವುದಕ್ಕೆ ಅವನು ಕಳ್ಳನಾಗಬೇಕಿತ್ತೇ?

ಮಾಧವರಂ ಯಾರ್ಡಿಗೆ ನೀವು ಆಟೋದಲ್ಲಿ ಹಿತ್ತಾಳೆ ತಟ್ಟೆ ಹಿಡಿದು ಬಂದ ಬೆಳಿಗ್ಗೆ ನಾನೂ ಜೊತೆಗಿದ್ದೆ. ಇಲ್ಲಿಯವರು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುತ್ತಾರೆ, ಅದಕ್ಕಿಂತ ದೊಡ್ಡ ಆಣೆ ಅವರಿಗಿಲ್ಲ. "ಬೇಡ ಅತ್ತೆ, ನಿಮ್ಮ ಕಾಲು ಹಿಡೀತೀನಿ," ಎಂದೆ. "ಚುಮ್ಮಾ ಇರು," ಎಂದಿರಿ. ಇಡೀ ಯಾರ್ಡಿನ ಡ್ರೈವರುಗಳು ಸುತ್ತ ನಿಂತಿದ್ದರು. ನೀವು ಬಾನೆಟ್ಟಿನ ಮೇಲೆ ತಟ್ಟೆಯಿಟ್ಟು ಕರ್ಪೂರ ಹಚ್ಚಿದಿರಿ.

"ಮೀಟರ್ ತಂತಿ ಮುಟ್ಟಿಲ್ಲ ಅಂತ ಇದನ್ನ ಆರಿಸು. ನಂಬ್ತೀನಿ."

ಆರ್ಮುಗಂ ತಟ್ಟೆ ನೋಡಿದ. ಆಮೇಲೆ ನಿಮ್ಮನ್ನು ನೋಡಿದ. ಪ್ರತಿ ಹೊಸ ಟೈರಿಗೂ ವಡಪಳನಿ ಮುರುಗನ ಹತ್ತಿರ ಹೋಗಿ ವಿಭೂತಿ ತಂದು ಹಚ್ಚುತ್ತಿದ್ದವನು ಅವನು. "ಸೂಡಂ ಅಣೈಚ್ಚಾತ್ತಾನ್ ನಂಬುವೀಂಗಳಾ, ಪೆರಿಯಮ್ಮಾ?" ಎಂದ ಮೆಲ್ಲಗೆ. ಕರ್ಪೂರ ಆರಿಸಿದರೆ ಮಾತ್ರ ನಂಬುತ್ತೀರಾ, ದೊಡ್ಡಮ್ಮಾ? ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಕಲಿತ ಹರಕು ಕನ್ನಡದಲ್ಲಿ ಮುಂದಿನದನ್ನು ಹೇಳಿದ: "ಹಂಗಾದ್ರೆ ನಂಗೆ ಬ್ಯಾಡಮ್ಮಾ." ಕೀಲಿಕೈಯನ್ನು ತಟ್ಟೆಯ ಪಕ್ಕ ಇಟ್ಟು ನಡೆದುಬಿಟ್ಟ. ಕರ್ಪೂರ ತಾನಾಗಿ ಉರಿದು ಮುಗಿಯಿತು. ಆರಿಸಲಿಲ್ಲ, ಅಂದ ಮೇಲೆ ಕದ್ದಿದ್ದಾನೆ ಎಂದು ಯಾರ್ಡು ತೀರ್ಪು ಕೊಟ್ಟಿತು. ಮೀಟರ್ ತಂತಿ ಕೀಳುವವನಿಗೆ ಮತ್ತೆ ಯಾರು ಸ್ಟಿಯರಿಂಗ್ ಕೊಡುತ್ತಾರೆ?

ಹೊಸ ಡ್ರೈವರ್ ಮೊದಲ ಟ್ರಿಪ್ಪಿನಿಂದ ಫೋನ್ ಮಾಡಿದಾಗ ರಿಸೀವರು ನನ್ನ ಕೈಯಲ್ಲೇ ಇತ್ತು. ಮೀಟರು ಅಷ್ಟೇ ತೋರಿಸಿತ್ತು. ಆರ್ಮುಗಂ ಓದಿ ಹೇಳುತ್ತಿದ್ದಷ್ಟೇ. ನೀವು ಕಿವಿ ಸರಿಸಿ ಎದ್ದಿರಿ. ದೇವರ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದಿರಿ. ಊಟ ಬೇಡವೆಂದಿರಿ. ಅದಾದ ಮೇಲೆ ಎದೆನೋವು, ಆಸ್ಪತ್ರೆ. ಹಾಸಿಗೆಯ ಮೇಲಿಂದ ನೀವು ನನಗೆ ಹೇಳಿದ ಕೊನೆಯ ಮಾತು, "ಸುಧಾ, ಆ ಟೈರು ತೆಗೆಸಿಬಿಡಿ. ಹಳೇದೇ ಹಾಕಿಸಿ." ಅದು ಆರ್ಮುಗಂನಿಗೆ ಕೇಳಿದ ಕ್ಷಮೆಯೇ ಅತ್ತೆ? ಅಥವಾ ಬರೀ ಸೋಲೇ? ಇನ್ನೊಂದು ಮಾತು ಆಡಿದ್ದರೆ… ನೀವು ಆಡಲಿಲ್ಲ. ನಿಮ್ಮ ಟೈರಿನ ಲೆಕ್ಕವೇ ತಪ್ಪಿತೆಂದುಕೊಂಡು ಹೋಗಿಬಿಟ್ಟಿರಿ. ನನಗೆ ನಿಮ್ಮ ಮೇಲೆ ತುಂಬ ಸಿಟ್ಟಿತ್ತು. ಬೈಯಲು ನೀವಿಲ್ಲ ಎಂಬ ಸಿಟ್ಟು ಅದಕ್ಕಿಂತ ಹೆಚ್ಚಾಯಿತು.

ಮೊನ್ನೆ ಬೆಳಿಗ್ಗೆ ಲಾರಿ ಖಾಲಿಯಾಗಿ ಯಾರ್ಡಿಗೆ ಬಂದಾಗ ಟೈರು ತೆಗೆಸುವ ಮಾತಾಡಲು ನಾನೂ ಗೋಪಿಯೂ ಹೋಗಿದ್ದೆವು. ದಾರಿಯಲ್ಲಿ ಹಿಂದಿನ ಒಂದು ಚಕ್ರ ಪಂಚರ್ ಆಗಿ, ನಿಮ್ಮ ಆ ಹಳೆಯ ಸ್ಟೆಪ್ನಿ ಹಾಕಿದ್ದರು. ಹಿಂದಿನ ಜೋಡಿ ಚಕ್ರದಲ್ಲಿ ದೊಡ್ಡದರ ಪಕ್ಕ ಸಣ್ಣದು. ದೊಡ್ಡದು ನೆಲದ ಮೇಲೆ ನಿಂತಿದೆ, ಸಣ್ಣದು ನೆಲ ಮುಟ್ಟದೆ ನೇತಾಡುತ್ತಿದೆ! ನಾನು ಬಗ್ಗಿ ಕೆಳಗಿನ ಸಂದಿನಲ್ಲಿ ಬೆರಳು ತೂರಿಸಿ ನೋಡಿದೆ. ಆಗ ನಿಮ್ಮ ದನಿ ಕಿವಿಯಲ್ಲೇ ಕೇಳಿದ ಹಾಗಾಯಿತು: ಉದ್ದ ಕಾಲಿನವಳು ಕಡಿಮೆ ಹೆಜ್ಜೆ ಹಾಕಿ ಊರು ಸೇರ್ತಾಳೆ.

"ರೀ, ಮೀಟರು ಏನನ್ನ ಎಣಿಸತ್ತೆ?" ಎಂದೆ.

"ಚಕ್ರ ಎಷ್ಟು ಸುತ್ತು ಸುತ್ತಿತು ಅಂತ. ಯಾಕೆ?" ಎಂದ ಗೋಪಿ. ಅಂದವನೇ ಬಾಯಿ ತೆರೆದುಕೊಂಡು ನಿಂತ.

ಹೆಜ್ಜೆ ಎಣಿಸುವವನಿಗೆ ಉದ್ದ ಕಾಲಿನವಳ ದಾರಿ ಗಿಡ್ಡವಾಗಿ ಕಾಣದೆ ಇನ್ನೇನಾಗುತ್ತದೆ ಅತ್ತೆ? ಮೀಟರಿಗೆ ನಾವು ಟೈರು ಬದಲಾಯಿಸಿದ್ದು ಗೊತ್ತೇ ಇಲ್ಲ. ಅದು ಹಳೆಯ ಸಣ್ಣ ಟೈರಿನ ಲೆಕ್ಕದಲ್ಲೇ ದೂರ ತೋರಿಸುತ್ತಿದೆ. ಟೈರ್ ಅಂಗಡಿಯಲ್ಲಿ ಕೂತು ನೀವೇ ಅಷ್ಟು ಚೆನ್ನಾಗಿ ಹೇಳಿದಿರಿ. ನೀವೇ ಮರೆತಿರಿ.

ಪ್ಯಾರೀಸ್ ಕಾರ್ನರಿನ ಗಲ್ಲಿಯಲ್ಲಿ ಆರ್ಮುಗಂ ಸಾಮಾನಿನ ಸೈಕಲ್ ಗಾಡಿ ತುಳಿಯುತ್ತಿದ್ದಾನೆಂದು ಯಾರ್ಡಿನವರೇ ಹೇಳಿದರು. ಓಡಿದೆ. ಗೋಪಿಯೂ ಹಿಂದೆ ಬಂದ. ಮೂಟೆಗಳ ನಡುವೆ ಆರ್ಮುಗಂ ಸಿಕ್ಕಿದ. ಆ ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದನಂತೆ, ಇನ್ನು ಸ್ಟಿಯರಿಂಗ್ ಮುಟ್ಟುವುದೇ ಇಲ್ಲವಂತೆ. ನಾನು ಟೈರಿನ ವಿಷಯ ಹೇಳಿದರೆ ಮುಖ ತಿರುಗಿಸಿದ.

"ನಂಗೆ ಹೇಳಿ ಏನಮ್ಮಾ ಪ್ರಯೋಜನ? ನಾನು ತಂತಿ ತೆಗಿಲಿಲ್ಲ ಅಂತ ನಂಗೆ ಗೊತ್ತಲ್ಲ. ಯಾರ್ಡಲ್ಲಿ ಸುತ್ತ ನಿಂತು ಕೇಳಿಸ್ಕೊಂಡ್ರಲ್ಲ, ಅವರಿಗೆ ಹೇಳಿ."

ಯಾರ್ಡಿನಲ್ಲೇ, ಎಲ್ಲರೆದುರೇ ಅಳೆದು ತೋರಿಸುತ್ತೇನೆಂದೆ. ಗೋಪಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ, "ಅಳತೆ ತಪ್ಪಿದ್ರೆ? ಅವನ ಮಾನ ಎರಡನೇ ಸಲ ಹೋಗತ್ತೆ ಸುಧಾ. ಮೊದಲು ಒಂದು ದಿನ ಸರಿಯಾಗಿ ನೋಡೋಣ," ಎಂದ. ದಿನ ಎಲ್ಲಿತ್ತು? ಬಸ್ಸು ಸಂಜೆಗೇ ಇತ್ತು. ಆರ್ಮುಗಂನನ್ನು ಒಪ್ಪಿಸಿ ಆಗಲೇ ಯಾರ್ಡಿಗೆ ಕರೆತಂದೆ.

ಪಂಚರ್ ಹಾಕಿಸಿದ ದೊಡ್ಡ ಟೈರನ್ನೂ ಲಾರಿಯಿಂದ ಕಳಚಿದ ಸ್ಟೆಪ್ನಿಯನ್ನೂ ಯಾರ್ಡಿನ ನಡುವೆ ಒಂದೇ ಗೆರೆಯ ಮೇಲೆ ನಿಲ್ಲಿಸಿ, ಎರಡಕ್ಕೂ ನೆಲ ಮುಟ್ಟುವಲ್ಲಿ ರಂಗೋಲಿ ಪುಡಿ ಕಲಸಿ ಬೊಟ್ಟಿಟ್ಟೆ. ಬೊಟ್ಟು ಮತ್ತೆ ನೆಲಕ್ಕೆ ಬರುವವರೆಗೆ ಉರುಳಿಸಬೇಕು. ಒಂದು ಸುತ್ತು ಉರುಳಿಸಿದರು. ವ್ಯತ್ಯಾಸ ಬಂದದ್ದು ನನ್ನ ಅಂಗೈಯಗಲ. ಯಾರೋ ಕಿಸಕ್ಕೆಂದರು. "ಇದುಕ್ಕಾ ಇವ್ವಳವು?" ಇಷ್ಟಕ್ಕಾ ಇಷ್ಟೆಲ್ಲ! ಆರ್ಮುಗಂ ದೂರದಲ್ಲಿ ಕೈಕಟ್ಟಿ ನಿಂತಿದ್ದವನು ಹೊರಡಲು ತಿರುಗಿದ. ಆಗ ನಾನು ಹೊಲಿಯುವ ಸೀರೆ ಫಾಲ್ಸ್ ನೆನಪಾಯಿತು. ಒಂದು ಮೊಳದಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಕಾಣುವುದಿಲ್ಲ, ಸೀರೆಯ ಕೊನೆಗೆ ಬಂದಾಗ ಅಂಚು ನೇತಾಡುತ್ತದೆ.

"ನಿಲ್ಲಿಸಬೇಡಿ! ಉರುಳಿಸ್ತಾ ಹೋಗಿ, ಹತ್ತು ಸುತ್ತು!" ಎಂದು ಕೂಗಿದೆ. ಗೋಪಿ ಆಫೀಸಿನ ಪ್ಯಾಂಟಿನಲ್ಲೇ ದೊಡ್ಡದನ್ನು ತಳ್ಳಿದ, ಹೊಸ ಡ್ರೈವರ್ ಸಣ್ಣದನ್ನು. ಎಲ್ಲರೂ ಜೋರಾಗಿ ಎಣಿಸಿದರು. ಹತ್ತಕ್ಕೆ ಎರಡೂ ನಿಂತಾಗ ದೊಡ್ಡದು ಮುಂದೆ ಹೋಗಿಬಿಟ್ಟಿತ್ತು. ನಡುವಿನ ಜಾಗ ನನ್ನ ಗಿಡ್ಡ ಕಾಲಿಗೆ ಎರಡು ಹೆಜ್ಜೆ. ಆಮೇಲೆ ಯಾರೂ ನಗಲಿಲ್ಲ. ಮೊದಲು ನಕ್ಕವನೇ, "ಅಡಪ್ಪಾವಿ, ಇಷ್ಟಕ್ಕೇ ಇಷ್ಟಾದ್ರೆ ಕೋವಿಲ್‌ಪಟ್ಟಿ ಹೋಗಿ ಬರೋಷ್ಟ್ರಲ್ಲಿ?" ಎಂದು ತಲೆಗೆ ಕೈ ಹಚ್ಚಿದ. ಗೋಪಿ ಭಾಗಾಕಾರ ಬಿಟ್ಟು ಬರೀ ಡೀಸೆಲ್ ಲೆಕ್ಕ ಹೇಳಿದ. ಅದೇ ಊರಿಗೆ ಹೋಗಿ ಬರಲು ಲಾರಿ ಮೊದಲಿಗಿಂತ ಕಡಿಮೆಯೇ ಕುಡಿದಿತ್ತು.

ಆರ್ಮುಗಂ ಮಾತ್ರ ಅಲ್ಲಾಡಲಿಲ್ಲ. ನೋಡಿದ, ಅಷ್ಟೇ. ಅವನಿಗೆ ಇನ್ನೇನು ಬೇಕೆಂದು ನನಗೆ ಗೊತ್ತಿತ್ತು. ನೀವು ತಂದಿದ್ದ ಹಿತ್ತಾಳೆ ತಟ್ಟೆ ಇನ್ನೂ ಕ್ಯಾಬಿನ್ನಿನಲ್ಲೇ ಬಿದ್ದಿತ್ತು. ತಂದು ಅದೇ ಬಾನೆಟ್ಟಿನ ಮೇಲಿಟ್ಟು ಕರ್ಪೂರ ಹಚ್ಚಿದೆ. "ಇವನು ಮೀಟರ್ ಮುಟ್ಟಿಲ್ಲ. ತಪ್ಪು ನಮ್ಮ ಮನೇದು," ಎಂದು ಕನ್ನಡದಲ್ಲೂ ತಮಿಳಿನಲ್ಲೂ ಹೇಳಿ ಅಂಗೈಯಿಟ್ಟೆ. ಹೊಡೆದು ತಕ್ಷಣ ಕೈ ತೆಗೆಯಬೇಕಂತೆ. ನನಗೇನು ಗೊತ್ತು? ಇಟ್ಟುಕೊಂಡೇ ನಿಂತಿದ್ದೆ. ಆರ್ಮುಗಂ "ಅಯ್ಯೋ ಅಮ್ಮಾ!" ಎಂದು ಓಡಿ ಬಂದು ಕೈ ಕಿತ್ತು ತೆಗೆದ. ಹಾಗೇ ಕೈ ಹಿಡಿದುಕೊಂಡು ಅತ್ತುಬಿಟ್ಟ. ನನಗೂ ಅಳು ಬಂತು. ಬಸ್ಸು ಹೋಯಿತು. ಮರುದಿನ ಲಾರಿ ಅವನೇ ತೆಗೆದ.

ಬೊಬ್ಬೆಯ ಕಥೆ ಇದು. ಇನ್ನು ಯಾರ ಮುಂದೆಯೂ ನಾನು ಆ ತಟ್ಟೆ ಇಡುವುದಿಲ್ಲ, ನಿಮಗೆ ಮಾತು ಕೊಡುತ್ತೇನೆ. ಅದನ್ನು ತೊಳೆದು ನಿಮ್ಮ ದೇವರ ಕೋಣೆಯಲ್ಲೇ ಇಟ್ಟಿದ್ದೇನೆ. ಟೈರು ತೆಗೆಸಿಲ್ಲ. ನಿಮ್ಮ ಕೊನೆಯ ಮಾತು ಮೀರಿದ್ದಕ್ಕೆ ಬೈದುಕೊಳ್ಳಿ.

ಈಗ ಸ್ವಲ್ಪ ಹೊತ್ತಿನ ಮುಂಚೆ ಕೋವಿಲ್‌ಪಟ್ಟಿಯಿಂದ ಫೋನ್ ಬಂತು. ರಿಸೀವರು ಎತ್ತಿ, ರೂಢಿಯಂತೆ ಪಕ್ಕಕ್ಕೆ ಹಿಡಿದುಬಿಟ್ಟೆ, ನಿಮ್ಮ ಕಿವಿಗೆ. ನೀವಿಲ್ಲ ಎಂದು ಹೊಳೆದು ನನ್ನ ಕಿವಿಗೆ ತಂದುಕೊಂಡೆ. ಆರ್ಮುಗಂ ಯಾವತ್ತಿನ ಹಾಗೆ ಮೀಟರ್ ಓದಿ ಹೇಳಿದ, ಡೀಸೆಲ್ ಹೇಳಿದ. ಆಮೇಲೆ, "ಅಮ್ಮಾ, ಪೆರಿಯಮ್ಮಾ ಕಿಟ್ಟೆ ಸೊಲ್ಲಿಡುಂಗ," ಎಂದ, ದೊಡ್ಡಮ್ಮನಿಗೆ ಹೇಳಿಬಿಡಿ ಎಂದು. "ಟೈರು ಸರಿಯಾಗಿದೆ. ಅವರು ಹೇಳಿದ್ದೇ ಸರಿ."

ಹೇಳಿದ್ದೇನೆ, ಅತ್ತೆ.

ಸುಧಾ