ಅನುಕೂಲದ ಚೀಟಿ

ಹದಿನಾಲ್ಕನೇ ತಾರೀಕು, ಬುಧವಾರ
ಬೆಳಿಗ್ಗೆ

ನನ್ನ ಚಿನಕುರುಳಿಗೆ ದೊಡ್ಡಮ್ಮನ ತುಂಬು ಆಶೀರ್ವಾದಗಳು.

ಹೇಗಿದ್ದೀಯೆ ಮಗಳೇ? ನಿಮ್ಮಮ್ಮನ ಮಂಡಿನೋವು ಇಳಿಯಿತೇ? ನಿಮ್ಮಪ್ಪ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾರೋ, ಇನ್ನೂ ಕಿಟಕಿಯಿಂದಾಚೆ ಎಸೆಯುತ್ತಾರೋ? ನಿನ್ನ ತಮ್ಮ ಉದ್ದಣ್ಣನಿಗೆ ಹೊಸ ಕನ್ನಡಕ ಒಗ್ಗಿತೇ? ಮಹಡಿಯ ಕೆಮ್ಮಜ್ಜಿ ಹೇಗಿದ್ದಾರೆ? ಅವರು ಕೆಮ್ಮದ ದಿನವೇ ನಿಮಗೆ ಗಾಬರಿಯಾಗುತ್ತದೆ ಎಂದು ನೀನು ಬರೆದದ್ದನ್ನು ಓದಿ ಒಬ್ಬಳೇ ಕೂತು ನಕ್ಕೆ. ನಾನು ಚೆನ್ನಾಗಿದ್ದೇನೆ. ಕಣ್ಣಿನ ಡಾಕ್ಟರು "ಇನ್ನೊಂದು ಹತ್ತು ವರ್ಷ ಓಡುತ್ತೆ ಬಿಡಿ" ಎಂದು, ಹಳೆಯ ಸೈಕಲ್ಲಿನ ವಿಷಯ ಹೇಳುವ ಹಾಗೆ ಹೇಳಿ ಕಳಿಸಿದ್ದಾರೆ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ತಡಕ್ಕೆ ಕಾರಣ ಕೇಳಿದರೆ ಒಂದಲ್ಲ ಹತ್ತು ಕೊಡಬಲ್ಲೆ. ಕಣ್ಣಿಗೆ ಹನಿ ಹಾಕಿದ್ದರು, ಪೆನ್ನು ಸಿಗಲಿಲ್ಲ, ಪೆನ್ನು ಸಿಕ್ಕಾಗ ಕಾಗದ ಸಿಗಲಿಲ್ಲ. ಎಲ್ಲವೂ ನಿಜ, ಯಾವುದೂ ಕಾರಣವಲ್ಲ. ಫೋನಿನಲ್ಲೇ ಹೇಳಿಬಿಡೋಣ ಎಂದು ಎರಡು ಸಲ ಕೈಗೆತ್ತಿಕೊಂಡೆ. ಫೋನಿನಲ್ಲಿ ನನಗೆ "ಅಲ್ಲಿ ಬಿಸಿಲಾ?" ಎನ್ನುವುದನ್ನು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಕ್ಷಮಿಸು.

ನಾನು ಮೂವತ್ತೊಂದು ವರ್ಷ ದುಡಿದ ಕಾಲೇಜಿನಲ್ಲೇ ನಿನಗೆ ನಕ್ಷೆ ಬರೆಯುವುದನ್ನು ಕಲಿಸುವ ಕೆಲಸ ಸಿಕ್ಕಿತು ಎಂದು ಓದಿದಾಗ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಯಾರಿಗೆ ನಮಸ್ಕಾರ ಮಾಡಲು ಎದ್ದೆನೋ ದೇವರೇ ಬಲ್ಲ. ಆಮೇಲೆ ಎರಡನೆಯ ಪುಟ ಓದಿದೆ. ಕೆಲಸಕ್ಕೆ ಸೇರಿದ ದಿನ ಗುಮಾಸ್ತೆ ಅನುಕೂಲದ ಚೀಟಿ ಕೊಟ್ಟರು, ಹತ್ತೊಂಬತ್ತನೇ ತಾರೀಕು ಸೋಮವಾರದೊಳಗೆ ತುಂಬಿ ಕೊಡಬೇಕು, ನೀನು ಅದನ್ನು ಚೀಲದಲ್ಲಿ ಮಡಿಸಿಟ್ಟುಕೊಂಡು ಓಡಾಡುತ್ತಿದ್ದೀಯೆ. ನಿನ್ನ ಮಾತನ್ನೇ ಇಲ್ಲಿ ಬರೆಯುತ್ತೇನೆ: "ದೊಡ್ಡಮ್ಮ, ನಂಗೆ ಮೂರ್ಛೆ ಬರುತ್ತೆ ಅಂತ ಬರೀಲೋ ಬೇಡ್ವೋ? ಬರೆದ್ರೆ ಎಲ್ರೂ ನನ್ನ ಗಾಜಿನ ಲೋಟದ ಥರ ನೋಡ್ತಾರೆ. ಬರೀದಿದ್ರೆ ದಿನಾ ಭಯ. ಅಮ್ಮನ್ನ ಕೇಳಿದ್ರೆ, ಅದನ್ನ ನಿನ್ನ ದೊಡ್ಡಮ್ಮನ್ನೇ ಕೇಳು ಅಂದು ಪಾತ್ರೆ ತೊಳೆಯೋಕೆ ಹೋದ್ಲು."

ಆ ಚೀಟಿ ಇನ್ನೂ ಇದೆಯಲ್ಲ! ಅದು ಹುಟ್ಟಿದ ದಿನ ನಾನು ಅಲ್ಲಿದ್ದೆ. ಹೇಳುತ್ತೇನೆ ಕೇಳು.

ನಾನು ಆ ಕಾಲೇಜಿಗೆ ಹೋದದ್ದು ಕಲಿಸಲು ಅಲ್ಲ, ಕುರ್ಚಿ ರಿಪೇರಿ ಮಾಡಲು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಯಾರೋ ಬೀದಿಗೆ ಎಸೆದ ಸೋಫಾವನ್ನು ಬಿಚ್ಚಿ, ಪಟ್ಟಿ ಎಲ್ಲಿ, ನಾರು ಎಲ್ಲಿ, ಮೊಳೆ ಎಲ್ಲಿ ಎಂದು ನೋಡಿ ನೋಡಿ ಮೆತ್ತೆ ಕಟ್ಟುವುದನ್ನು ಕಲಿತಿದ್ದೆ. ಓದನ್ನೂ ಹಾಗೆಯೇ ಕಲಿತದ್ದು, ಹಳೆಯ ಪತ್ರಿಕೆಗಳನ್ನು ಬಿಚ್ಚಿ ಬಿಚ್ಚಿ. ಕಾಲೇಜಿನ ಅರವತ್ತು ಕುರ್ಚಿ ಸರಿಮಾಡಿ ಮುಗಿಸುವ ಹೊತ್ತಿಗೆ ನನ್ನ ಸುತ್ತ ಹತ್ತು ಮಂದಿ ವಿದ್ಯಾರ್ಥಿಗಳು ನೋಡುತ್ತ ನಿಂತಿದ್ದರು. ಪ್ರಾಂಶುಪಾಲ ಮೇಡಂ ಬಂದು, "ಇವರಿಗೆ ಇದನ್ನೇ ಕಲಿಸ್ತೀರಾ?" ಎಂದರು. ನನ್ನ ಬಾಯಿ ತುಂಬ ಮೊಳೆ. ನಮ್ಮ ಕಸುಬಿನವರು ಮೊಳೆಯನ್ನು ತುಟಿಯ ಮಧ್ಯೆ ಇಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತೇವೆ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ತಲೆ ಅಲ್ಲಾಡಿಸಿದೆ, ಅದನ್ನು ಅವರು ಒಪ್ಪಿಗೆ ಎಂದುಕೊಂಡರು. ಹಾಗೆ ನಾನೂ ಮೇಡಂ ಆದೆ.

ಎಂಥೆಂಥವರು ಬರುತ್ತಿದ್ದರು ಅಲ್ಲಿಗೆ! ಶಾಲೆ ಬಿಟ್ಟ ಹುಡುಗಿಯರು, ಕಾರ್ಖಾನೆ ಮುಚ್ಚಿ ಕೆಲಸ ಹೋದವರು, ಮಕ್ಕಳ ಮದುವೆ ಮುಗಿಸಿ ಈಗ ತಮ್ಮ ಸರದಿ ಎಂದು ಪೆನ್ಸಿಲ್ ಹಿಡಿದು ಬಂದ ಅಜ್ಜಿಯರು. ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ನಾರಿನ ಧೂಳು, ಅಂಟಿನ ವಾಸನೆ, ಎತ್ತರದ ಕಿಟಕಿಯಲ್ಲಿ ಹೋಗಿ ಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಚಪ್ಪಲಿ ನೋಡಿಯೇ ಯಾರು ತಡವಾಗಿ ಬಂದರು ಎಂದು ಹೇಳಬಲ್ಲವಳಾಗಿದ್ದೆ.

ಆ ಪ್ರಾಂಶುಪಾಲರೇ ಚೀಟಿ ತಂದವರು. ವರ್ಷದ ಮೊದಲ ವಾರ ಸಿಬ್ಬಂದಿಯನ್ನೆಲ್ಲ ಕೂರಿಸಿ ಅರ್ಧ ಹಾಳೆ ಹಂಚಿದರು. ಮೇಲೆ ಒಂದೇ ಸಾಲು: 'ಏನಿದ್ದರೆ ನನ್ನ ಕೆಲಸ ಸಲೀಸು?' ಕೆಳಗೆಲ್ಲ ಖಾಲಿ. ಯಾರೂ ಪೆನ್ನು ತೆಗೆಯಲಿಲ್ಲ. ಆಗ ಅವರೇ ತಮ್ಮದನ್ನು ಗಟ್ಟಿಯಾಗಿ ಓದಿದರು: "ನನಗೆ ಕೆಂಪು ಹಸಿರು ಗೊತ್ತಾಗಲ್ಲ. ಅವಸರದ್ದು ಅಂತ ಕೆಂಪು ಶಾಯೀಲಿ ಗೀಟು ಹಾಕಿ ಕಳಿಸ್ತೀರಲ್ಲ, ಅದು ನನಗೆ ಕಾಣಲ್ಲ."

ನಲ್ಲಿ ಜೋಡಿಸುವುದನ್ನು ಕಲಿಸುವ ನಲ್ಲಿ ಮೇಷ್ಟ್ರು ಎದ್ದು ನಿಂತರು. "ಹಾಗಾದ್ರೆ ಎರಡು ವರ್ಷದಿಂದ ನನ್ನ ಅರ್ಜಿಗೆಲ್ಲ ಯಾಕೆ ಉತ್ತರ ಬರ್ಲಿಲ್ಲ ಅಂತ ಇವತ್ತು ಗೊತ್ತಾಯ್ತು ನೋಡಿ!"

ಕೋಣೆಯೆಲ್ಲ ನಗು. ಆ ನಗುವಿನಲ್ಲೇ ಬೀಗ ಕಳಚಿತು. ನಲ್ಲಿ ಮೇಷ್ಟ್ರು ಬರೆದರು: ಹಾಸಿಗೆ ಹಿಡಿದ ತಾಯಿಗೆ ಊಟ ಮಾಡಿಸಿ ಬರಬೇಕು, ಮೊದಲನೇ ಪಾಠ ಬೇಡ. ಮಾರನೆಯ ದಿನದಿಂದ ಅವರ ಪಾಠ ಹತ್ತೂವರೆಗೆ. ಅಷ್ಟೇ. ಯಾರೂ ಮುಖ ಸಿಂಡರಿಸಲಿಲ್ಲ. ಹಾಲೂಡುವ ತಾಯಂದಿರಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬಂತು, ಗಾಲಿಕುರ್ಚಿಯವರಿಗೆ ಇಳಿಜಾರು ಬಂತು. ತಲೆಸಿಡಿತದವರು ದೀಪ ಆರಿಸಿ ಹತ್ತು ನಿಮಿಷ ಕೂರಲು ಒಂದು ಮೂಲೆ ಬಂತು. ಆ ಮೂಲೆಯ ದೊಡ್ಡ ಕುರ್ಚಿಗೆ ಮೆತ್ತೆ ಕಟ್ಟಿದವಳು ನಾನೇ, ಈಗಲೂ ಇದ್ದರೆ ಒಮ್ಮೆ ಕೂತು ನೋಡು, ಬೆನ್ನಿಗೆ ಹಿತವಾಗಿರುತ್ತದೆ. ಮೇಲಿನವರು ಯಾರೋ ಬಂದು "ಇಷ್ಟೆಲ್ಲ ಸಲಿಗೆ ಕೊಟ್ರೆ ಕೆಲಸ ಯಾರು ಮಾಡ್ತಾರೆ?" ಎಂದಾಗ ಪ್ರಾಂಶುಪಾಲರು, "ಇವರೇ ಮಾಡ್ತಾರೆ. ಮುಚ್ಚಿಡೋಕೆ ಖರ್ಚಾಗ್ತಿದ್ದ ಶಕ್ತಿ ಉಳೀತಲ್ಲ" ಎಂದರಂತೆ. ಆ ಮಾತು ನೆನಪಾದಾಗಲೆಲ್ಲ ಆ ನೆಲಮಾಳಿಗೆಗೆ ಮತ್ತೊಮ್ಮೆ ಇಳಿದು ಹೋಗಬೇಕು ಎನ್ನಿಸುತ್ತದೆ.

ನಾನು ಏನು ಬರೆದೆ ಎಂದು ಕೇಳುತ್ತೀಯೆ. ಮೊದಲ ಕೆಲವು ವರ್ಷ 'ಏನೂ ಬೇಡ' ಎಂದು ಬರೆದು ಕೊಟ್ಟೆ. ನನಗೆ ಉದ್ದದ ಸುತ್ತೋಲೆ ಓದಲು ಬರುತ್ತಿರಲಿಲ್ಲ. ಯಾರಾದರೂ ಓದಿ ಹೇಳಿದ್ದರೆ ಸಾಕಿತ್ತು. ಬರೆಯಲು ಅಭಿಮಾನ ಬಿಡಲಿಲ್ಲ. ಎಲ್ಲರೂ ತಲೆಯಾಡಿಸಿದರೆ ನಾನೂ ಆಡಿಸುತ್ತಿದ್ದೆ. ಒಮ್ಮೆ ಹಾಗೆಯೇ ತಲೆಯಾಡಿಸಿ, ಕಾಲೇಜು ರಜೆಯಿದ್ದ ದಿನ ಮೂರು ಬಸ್ಸು ಬದಲಿಸಿ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದೆ. ಕಾವಲುಗಾರ, "ಏನ್ ಮೇಡಂ, ಸೋಫಾಗೆ ರಜೆ ಇಲ್ವಾ?" ಎಂದ. ನಿಜ ಬರೆಯುವ ಧೈರ್ಯ ಬಂದದ್ದು ಆರನೇ ವರ್ಷ. ಬರೆದ ವಾರದಿಂದ ಗುಮಾಸ್ತೆ ತಾನಾಗಿ ಕೆಳಗಿಳಿದು ಬಂದು, ಚಹಾ ಕುಡಿಯುತ್ತ ಸುತ್ತೋಲೆ ಓದಿ ಹೇಳಿ ಹೋಗುತ್ತಿದ್ದಳು. ಒಂದು ದಿನವೂ ನನ್ನನ್ನು ಕೀಳಾಗಿ ನೋಡಲಿಲ್ಲ. ತಿರುಗಿ ಅವಳೇ ನನ್ನಿಂದ ಕುರ್ಚಿ ಹೆಣೆಯುವುದನ್ನು ಕಲಿತಳು.

ನಿಮ್ಮಮ್ಮನೂ ಅಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದು ನಿನಗೆ ಗೊತ್ತು. ದೊಡ್ಡವರಿಗೆ ಓದು ಬರಹ ಕಲಿಸುತ್ತಿದ್ದಳು. ಮಧ್ಯಾಹ್ನ ಇಬ್ಬರೂ ನೆಲಮಾಳಿಗೆಯ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂರುತ್ತಿದ್ದೆವು. ನನ್ನ ಮೈತುಂಬ ನಾರು, ಅವಳ ಮೈತುಂಬ ಸೀಮೆಸುಣ್ಣ. "ಅಕ್ಕಾ, ನಾವಿಬ್ರೂ ಒಲೆಯಿಂದ ಎದ್ದು ಬಂದ ಬೆಕ್ಕುಗಳ ಥರ ಇದ್ದೀವಿ" ಎನ್ನುತ್ತಿದ್ದಳು. ಅಷ್ಟು ಸಂತೋಷದ ದಿನಗಳು ನನಗೆ ಮುಂದೆ ಬರಲಿಲ್ಲ. ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗಿ ಬಿಟ್ಟಳು ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದೇವೆ.

ಆದ್ದರಿಂದ ಮಗಳೇ, ಬರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ 'ಸ್ವಲ್ಪ ಸುಸ್ತಾಗುತ್ತದೆ' ಎಂದು ಬರೆಯಬೇಡ. ಹೆಸರು ಹಿಡಿದು ಬರೆ. ಗಾಜಿನ ಲೋಟದ ಹಾಗೆ ನೋಡುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ನೋಡಿ ನೋಡಿ ಬೇಸರವಾಗಿ ಸುಮ್ಮನಾಗುತ್ತಾರೆ. ನಾಳೆ ಬೆಳಿಗ್ಗೆ ಇದನ್ನು ಅಂಚೆಗೆ ಹಾಕಿದರೆ ಶನಿವಾರ ನಿನ್ನ ಕೈಸೇರುತ್ತದೆ.

ನೂರು ಕಾಲ ಬಾಳು. ನಿನ್ನ ಕೈಯ ಗೆರೆ ಯಾವತ್ತೂ ವಕ್ರವಾಗದಿರಲಿ. ಅಪ್ಪನಿಗೆ ನಮಸ್ಕಾರ, ಉದ್ದಣ್ಣನಿಗೆ ಮುತ್ತು, ಬೇಡ ಎಂದರೂ ಕೊಡು.

ಇಂತಿ ನಿನ್ನ
ದೊಡ್ಡಮ್ಮ

ತಾ. ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಹೀಗೆ ಕಳಿಸಿದರೆ ನಿನಗೆ ಸಲಹೆ ಕೊಟ್ಟ ಹಾಗಾಗುತ್ತದೆ, ನಿಜ ಹೇಳಿದ ಹಾಗಾಗುವುದಿಲ್ಲ.

ನಿಮ್ಮಮ್ಮ ಮೆಟ್ಟಿಲಿನಿಂದಾಗಿ ಕೆಲಸ ಬಿಡಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೂ ನಿನ್ನ ಹಾಗೆಯೇ ಆಗುತ್ತಿತ್ತೆಂದು ನಿನಗೆ ಹೇಳಿದ್ದಾಳೆ. ಕಾಲೇಜಿನಲ್ಲಿದ್ದಾಗಲೂ ಆಗುತ್ತಿತ್ತು. ಎರಡನೇ ವರ್ಷದ ಮೊದಲ ವಾರ ಅವಳು ತನ್ನ ಚೀಟಿ ತುಂಬಿ ನನ್ನ ಕೈಗಿಟ್ಟು, "ಅಕ್ಕಾ, ನಿನ್ನದ್ರ ಜೊತೆ ಇದನ್ನೂ ಕೊಟ್ಬಿಡು, ನಂಗೆ ಕ್ಲಾಸಿದೆ" ಎಂದು ಓಡಿದಳು. ಓದಿದೆ. ಮುತ್ತಿನಂಥ ಅಕ್ಷರದಲ್ಲಿ ಎಲ್ಲ ಬರೆದಿದ್ದಳು. ನಾನು ಇನ್ನೂ 'ಏನೂ ಬೇಡ' ಎಂದೇ ಬರೆದು ಕೊಡುತ್ತಿದ್ದ ಕಾಲ ಅದು. ಅವಳನ್ನು ಅಲ್ಲಿಗೆ ಸೇರಿಸಿದವಳು ನಾನು. ನಗುತ್ತಾ ಕೇಳುತ್ತಾರೆ, ಆಮೇಲೆ ನೆಪ ಹುಡುಕಿ ಕಳಿಸುತ್ತಾರೆ ಎಂದುಕೊಂಡೆ. ನಮ್ಮ ಮನೆಯ ವಿಷಯ ಊರ ಗೋಡೆಯ ಮೇಲೆ ಯಾಕೆ ಎಂದುಕೊಂಡೆ. ಇನ್ನೊಂದು ಖಾಲಿ ಚೀಟಿ ತೆಗೆದು, ನನ್ನ ಕೋಳಿ ಕೆದಕಿದ ಅಕ್ಷರದಲ್ಲಿ 'ಏನೂ ಬೇಡ' ಎಂದು ಬರೆದು ಅವಳ ಹೆಸರು ಹಾಕಿ ಕೊಟ್ಟೆ. ಅವಳದನ್ನು, ಕೈಯಲ್ಲಿ ಕಟ್ಟುತ್ತಿದ್ದ ಕುರ್ಚಿಯ ನಾರಿನೊಳಗೆ ತುರುಕಿ, ಮೇಲೆ ಬಟ್ಟೆ ಎಳೆದು ಮೊಳೆ ಹೊಡೆದೆ. ಆ ಕುರ್ಚಿ ಯಾರ ಮನೆ ಸೇರಿತೋ.

ನಾಲ್ಕು ತಿಂಗಳಿಗೆ ಪಾಠದ ನಡುವೆ ಬಿದ್ದಳು. ಪಾಪ, ಆ ವಿದ್ಯಾರ್ಥಿಗಳಿಗೇನು ಗೊತ್ತು? ಸಾಯುತ್ತಾಳೆ ಎಂದು ಹೆದರಿ ಇಬ್ಬರು ಕೈಕಾಲು ಒತ್ತಿ ಹಿಡಿದರು, ಒಬ್ಬರು ಹಲ್ಲಿನ ನಡುವೆ ಚಮಚ ತುರುಕಿದರು. ನಿಮ್ಮಮ್ಮನ ಮುಂದಿನ ಎರಡು ಕಟ್ಟಿಸಿದ ಹಲ್ಲು ಅದರದು.

ಅವಳು ಚೇತರಿಸಿಕೊಂಡು ಬಂದ ಮೇಲೆ ಪ್ರಾಂಶುಪಾಲರು ಆ 'ಏನೂ ಬೇಡ' ಚೀಟಿ ತೋರಿಸಿ, "ಇದನ್ನ ನೀವೇ ಬರೆದಿದ್ದಾ?" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳು ಅಕ್ಷರ ನೋಡಿದಳು. ನನ್ನನ್ನು ನೋಡಲಿಲ್ಲ. "ಹೌದು ಮೇಡಂ, ನಾನೇ. ನಾಚಿಕೆ ಆಯ್ತು, ಅದಕ್ಕೆ" ಎಂದಳು. ಕೆಳಗಿನ ಕೋಣೆ ಕೊಡುತ್ತೇವೆ, ಜೊತೆಗೊಬ್ಬರು ಇರುತ್ತಾರೆ, ಬಿಡಬೇಡಿ ಎಂದು ಪ್ರಾಂಶುಪಾಲರು ಎಷ್ಟೋ ಹೇಳಿದರು. ಹದಿನೈದು ದಿನಕ್ಕೆ ರಾಜೀನಾಮೆ ಕೊಟ್ಟಳು. ಅಲ್ಲಿದ್ದರೆ ದಿನಾ ನನ್ನ ಸುಳ್ಳನ್ನು ಹೊರಬೇಕಿತ್ತಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಎತ್ತಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ನಾನೂ ತುಟಿ ಬಿಚ್ಚಲಿಲ್ಲ, ಅದಕ್ಕೆ ಬಾಯಲ್ಲಿ ಮೊಳೆಯಿತ್ತು ಎನ್ನುವ ನೆಪವೂ ಇಲ್ಲ.

ಏನು ಬರೆಯಲಿ ಎಂದು ಕೇಳಿದೆಯಲ್ಲ, ಅವಳು ಬರೆದದ್ದು ನನಗೆ ಬಾಯಿಪಾಠವಿದೆ: 'ನನಗೆ ಕೆಲವೊಮ್ಮೆ ಮೂರ್ಛೆ ಬರುತ್ತದೆ. ಹೆದರಬೇಡಿ, ಹಿಡಿಯಬೇಡಿ, ಬಾಯಿಗೆ ಏನೂ ಇಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಪಕ್ಕದಲ್ಲಿ ಕೂತಿರಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ ಮಾತ್ರ ಡಾಕ್ಟರನ್ನು ಕರೆಯಿರಿ. ಎದ್ದ ಮೇಲೆ ಪಾಠ ಎಲ್ಲಿಗೆ ಬಂದಿತ್ತು ಎಂದು ಯಾರಾದರೂ ಹೇಳಿ.'

ಲಕೋಟೆ ಬಿಚ್ಚಿ ಬರೆದ ಇಷ್ಟನ್ನೂ ನಿಮ್ಮಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಅವಳು ಎದ್ದು ಪಾತ್ರೆ ತೊಳೆಯಲು ಹೋದರೆ ಅಲ್ಲಿಗೇ ಹೋಗಿ ಓದು. ಆಮೇಲೆ ಏನಂದಳು, ಏನೂ ಅನ್ನಲಿಲ್ಲವೇ, ಇದ್ದದ್ದು ಇದ್ದ ಹಾಗೆ ಬರೆ. ಅವಳೇ ಒಂದು ಸಾಲು ಬರೆಯುತ್ತೇನೆ ಎಂದರೆ ಪೆನ್ನು ಕೊಡು. ನನ್ನಂತೆ ಇಪ್ಪತ್ತು ದಿನ ಮಾಡಬೇಡಿ, ಬೇಗ ಬರೆಯಿರಿ.