ಬಾರದ ಹದ್ದಿಗೆ ಹೊಲಿದ ಪ್ಯಾಂಟು

ಗುಡ್ಡದ ಮೇಲಿನ ಅತಿಥಿಗೃಹ, ಮೂರನೇ ನಂಬರಿನ ಕೋಣೆ
ಗುರುವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ತಮ್ಮಯ್ಯಾ,

ತೊಡೆಯ ಗಾಯ ಒಣಗಿತೇ? ಡಾಕ್ಟರು ಹೇಳಿದಂತೆ ದಿನಕ್ಕೆ ಮೂರು ಸಲ ಕಾಲು ಎತ್ತಿ ಇಳಿಸುತ್ತೀಯೋ, ಇಲ್ಲಾ ನಿನ್ನ ಹೆಂಡತಿ ಕೋಣೆಗೆ ಬಂದಾಗ ಮಾತ್ರ ಎತ್ತುತ್ತೀಯೋ? ಸೋಮವಾರ ಗೋಡೆ ಹಿಡಿದು ಬಾಗಿಲ ತನಕ ನಡೆದೆಯಂತೆ. ಅವಳು ಫೋನಿನಲ್ಲಿ ಅತ್ತುಕೊಂಡೇ ಹೇಳಿದಳು. ಆಕಾಶ ನೋಡುತ್ತಾ ನಡೆದು ಚರಂಡಿಗೆ ಬಿದ್ದು ತೊಡೆಮೂಳೆ ಮುರಿದುಕೊಂಡವನು ನಮ್ಮ ವಂಶದಲ್ಲಿ ನೀನೊಬ್ಬನೇ, ಇನ್ನಾದರೂ ಕಾಲ ಬುಡ ನೋಡಿಕೊಂಡು ನಡೆ. ಊಟ ಸೇರುತ್ತಿದೆಯೇ? ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಸೆಕೆಯೊಂದು ಬಿಟ್ಟರೆ ಬೇರೆ ತೊಂದರೆ ಇಲ್ಲ. ಈ ದೇಶದಲ್ಲಿ ಒಗೆದ ಸೀರೆ ಎರಡು ದಿನವಾದರೂ ಒಣಗುವುದಿಲ್ಲ, ಉಟ್ಟ ಸೀರೆ ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ. ನನ್ನ ಮಗಳಿಗೆ ನಾಲ್ಕು ದಿನ ಹೊಟ್ಟೆ ಕೆಟ್ಟಿತ್ತು, ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಈಗ ಸರಿಹೋಗಿದ್ದಾಳೆ. ಈ ಕಾಗದವನ್ನು ಅವಳೇ ಮೊಬೈಲಿನಲ್ಲಿ ಫೋಟೊ ತೆಗೆದು ನಿನ್ನ ಹೆಂಡತಿಯ ಮೊಬೈಲಿಗೆ ಕಳಿಸುತ್ತಾಳೆ. ಕನ್ನಡಕ ಹಾಕಿಕೊಂಡು ನೀನೇ ಓದು, ಅವಳ ಕೈಲಿ ಓದಿಸಬೇಡ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ, ಸಹಿಸಿಕೋ. ನಿನ್ನನ್ನು ಎತ್ತಿಕೊಂಡು ತಿರುಗುವುದಕ್ಕೇ ನನ್ನನ್ನು ಬಿಡಿಸಿದ್ದು, ಆದ್ದರಿಂದ ತಪ್ಪು ಹುಡುಕುವ ಹಕ್ಕು ನಿನಗಿಲ್ಲ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿ ಮತ್ತೆ ಸುಳ್ಳು ಹೇಳುತ್ತದೆ, ಅದಕ್ಕೆ. ಎದೆ ಗಟ್ಟಿ ಮಾಡಿಕೋ. ಭಾನುವಾರ ಸಂಜೆ ನಾನು ಹೇಳಿದ್ದು ಸುಳ್ಳು. ನಿನ್ನ ದೊಡ್ಡ ಜುಟ್ಟಿನ ಹದ್ದನ್ನು ನಾನು ನೋಡಲಿಲ್ಲ. ಅದು ಬರಲೇ ಇಲ್ಲ. ನನ್ನ ಆ ಒಂದು ಮಾತಿನಿಂದ ಈಗ ಇಲ್ಲಿ ಒಬ್ಬ ಹೆಂಗಸು, ಏನೂ ತಪ್ಪು ಮಾಡದವಳು, ಹತ್ತೊಂಬತ್ತು ವರ್ಷದ ಕೆಲಸ ಬಿಟ್ಟು ಹೊರಟಿದ್ದಾಳೆ. ಎಪ್ಪತ್ತೊಂದು ವರ್ಷಕ್ಕೆ ಇಂಥ ಕೆಲಸ ಮಾಡಿದೆನಲ್ಲಾ ಎಂದು ನನ್ನ ಮುಖ ನನಗೇ ತೋರಿಸಲಾಗುತ್ತಿಲ್ಲ. ಹಲ್ಲುಜ್ಜುವಾಗಲೂ ಕನ್ನಡಿಗೆ ಬೆನ್ನು ಹಾಕಿ ನಿಲ್ಲುತ್ತೇನೆ.

ಆ ಹೆಂಗಸು ಯಾರು ಅಂದರೆ, ಹಕ್ಕಿ ತೋರಿಸಲು ನೀನೇ ಗೊತ್ತುಮಾಡಿ ಕೊಟ್ಟ ಗೈಡಮ್ಮ. ಅವಳ ತಾಯಿ ನಮ್ಮ ಕಡೆಯವಳು, ನಮ್ಮ ಮಾತು ಬರುತ್ತದೆ, ಅಕ್ಕನ ಬಾಯಿಗೆ ಒಬ್ಬಳು ಸಿಕ್ಕಿದಳು ಎಂದು ನಗುತ್ತಾ ಕಳಿಸಿದೆಯಲ್ಲ, ಅವಳೇ. ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ತಲೆಗೊಂದು ಬಣ್ಣಗೆಟ್ಟ ಟೋಪಿ. ಅತಿಥಿಗೃಹದ ಹಿಂದೆ ನೂರಹನ್ನೆರಡು ಮೆಟ್ಟಿಲು ಹತ್ತಿದರೆ ಒಂದು ಮರದ ಅಟ್ಟಣೆ. ಅಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನು, ದಾರದಲ್ಲಿ ಪೆನ್ನು ಕಟ್ಟಿದ ಒಂದು ರಿಜಿಸ್ಟರು. ಎದುರಿಗೆ ಕಣಿವೆ. ಬೆಳಗ್ಗೆ ಏಳರಿಂದ ಒಂದರ ತನಕ ಕೂತು ಬೇಟೆಹಕ್ಕಿಗಳನ್ನು ಕಾಯುವುದೇ ಕೆಲಸ. ಮೊದಲ ದಿನವೇ ಎರಡು ಗಿಡುಗ ಬಂದವು, ಒಂದು ಓತಿಕ್ಯಾತವನ್ನು ಹಿಡಿದುಕೊಂಡು ಹೋಯಿತು. ನನಗೇನೂ ಅನಿಸಲಿಲ್ಲ. ಅನಿಸಿದ್ದು ಆ ರಿಜಿಸ್ಟರು ನೋಡಿ. ಗಂಟೆಗೊಂದು ಸಾಲು. ಹಕ್ಕಿ ಬಂದರೆ ಹೆಸರು. ಬರದಿದ್ದರೆ ‘ಇಲ್ಲ’ ಎಂದು ಬರೆಯಬೇಕು, ಖಾಲಿ ಬಿಡುವ ಹಾಗಿಲ್ಲ. ನಿನ್ನ ದೊಡ್ಡ ಹದ್ದಿನ ಕಾಲಂ ಬೇರೆಯೇ ಇದೆ, ಅದರಲ್ಲಿ ಪುಟಗಟ್ಟಲೆ ಅವಳ ಕೈಯಕ್ಷರದಲ್ಲಿ ಇಲ್ಲ, ಇಲ್ಲ, ಇಲ್ಲ. ಮೂರು ವರ್ಷದ ಇಲ್ಲ. “ಬರದೇ ಇದ್ದದ್ದನ್ನ ಯಾರಾದರೂ ಬರೀತಾರೇನೇ, ಹುಚ್ಚಿ?” ಎಂದೆ. ಅವಳು ನಕ್ಕು, “ಬಂದದ್ದನ್ನ ಯಾರು ಬೇಕಾದ್ರೂ ಬರೀತಾರಮ್ಮ. ಇದನ್ನ ಬರೆಯೋಕೇ ನನಗೆ ಸಂಬಳ” ಅಂದಳು. ಒಳ್ಳೆಯವಳು. ಅವಳ ಚೀಲದ ಪಟ್ಟಿ ಕಿತ್ತುಹೋಗಿತ್ತು, ನಾನು ಹೊಲಿದುಕೊಟ್ಟೆ. ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಅವಳೇ, ಒಂದೇ ಸಲಕ್ಕೆ.

ಆದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಆರು ಗಂಟೆ ಬಾಯಿ ಮುಚ್ಚಿ ಕೂರುವುದೆಂದರೆ ನನ್ನ ಕೈಲಾಗುತ್ತದೆಯೇ? ಭಾನುವಾರ ಬೆಳಗ್ಗೆ ನನ್ನ ಹಳೇ ಗಿರಾಕಿಗಳ ಕತೆ ಹೇಳುತ್ತಿದ್ದೆ, ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಂಡು ಆಮೇಲೆ ರವಿಕೆ ಬಿಗಿ ಎಂದು ಜಗಳಕ್ಕೆ ಬರುತ್ತಿದ್ದವಳ ಕತೆ. ಗೈಡಮ್ಮ ದುರ್ಬೀನಿನಿಂದ ಕಣ್ಣು ತೆಗೆಯದೆ, “ಅಮ್ಮಾ, ಸ್ವಲ್ಪ ಸುಮ್ಮನಿದ್ದರೆ ಹಕ್ಕಿಗೂ ಉಪಕಾರ, ನನಗೂ ಉಪಕಾರ” ಅಂದುಬಿಟ್ಟಳು. ಪಕ್ಕದಲ್ಲಿ ಬೇರೆ ಊರಿನ ಗಂಡಹೆಂಡತಿ ಇದ್ದರು, ಅವರು ಕಿಸಕ್ಕೆಂದರು. ನನಗೆ ಮೈ ಉರಿದುಹೋಯಿತು. ಅವತ್ತೂ ಇಲ್ಲ ಎಂದೇ ಬರೆದು ಇಳಿದು ಬಂದೆವು.

ಸಂಜೆ ನೀನು ಫೋನು ಮಾಡಿದೆ. “ಅಕ್ಕಾ, ಬಂತಾ?” ಅಂದೆ. ನಿನ್ನ ದನಿ ಬಿರುಕು ಬಿಟ್ಟ ಕೊಳಲಿನ ಹಾಗಿತ್ತು. ಹಾಸಿಗೆಯಿಂದ ಏಳುವುದಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ ಎಂದು ನಿನ್ನ ಹೆಂಡತಿ ಮೊದಲೇ ಹೇಳಿದ್ದಳು. ಮೂವತ್ತು ವರ್ಷ ಕಾದು ಹೊರಡಬೇಕಾಗಿದ್ದವನು ನೀನು, ನಿನ್ನ ಬದಲು ಹಕ್ಕಿ ಎಂದರೆ ಕಾಗೆ, ಗುಬ್ಬಿ ಎರಡೇ ಗೊತ್ತಿರುವ ನಾನು ಬಂದು ಕೂತಿದ್ದೇನೆ. “ಬಂತು ಕಣೋ” ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ! ನೀನು ಎದ್ದು ಕೂತದ್ದು ಇಲ್ಲಿಗೆ ಕೇಳಿಸಿತು, ಮಂಚ ಕಿರುಗುಟ್ಟಿತು. ಹೇಗಿತ್ತು, ಹೇಗಿತ್ತು ಎಂದು ಪ್ರಾಣ ತಿಂದೆ. ಆಗ ನಿನ್ನ ಮಂಚದ ಎದುರು ಗೋಡೆಗೆ ತೂಗುಹಾಕಿರುವ ಆ ಹೆಣ್ಣು ಹದ್ದಿನ ಪಟ ನೆನಪಿಗೆ ಬಂತು. ನಿನ್ನ ಸ್ನೇಹಿತ ಯಾವುದೋ ಕಾಲದಲ್ಲಿ ಇದೇ ಗುಡ್ಡದಲ್ಲಿ ತೆಗೆದದ್ದು. ನಾನು ಯಾವತ್ತೂ ಅದರ ಕಡೆ ತಿರುಗಿ ನೋಡಿಲ್ಲ ಎಂದು ನೀನು ತಿಳಿದಿದ್ದೀಯ. ನಿನ್ನ ಹಾಸಿಗೆ ಪಕ್ಕ ಇಪ್ಪತ್ತು ದಿನ ಕೂತಿದ್ದವಳು ಇನ್ನೇನು ನೋಡಲಿ, ನಿನ್ನ ಗಡ್ಡವನ್ನೇ? ಕಾಲ ಬೆರಳಿನ ತನಕ ಪುಕ್ಕ, ಟೈಟ್ ಪ್ಯಾಂಟು ಹಾಕಿದ ಹಾಗಿದೆ ಎಂದೆ. ಎಡಗಾಲಿನ ಪ್ಯಾಂಟು ಮಂಡಿ ಹತ್ತಿರ ಹರಿದು ಚರ್ಮ ಕಾಣುತ್ತೆ, ಪಾಪ ತೇಪೆ ಹಾಕೋರಿಲ್ಲ ಎಂದೆ. ನೀನು “ಅದೇ ಅಕ್ಕಾ, ಅದೇ! ಹಳೇ ಗಾಯ! ಅವಳಿನ್ನೂ ಬದುಕಿದ್ದಾಳೆ!” ಎಂದು ಕೂಗಿದೆ. ಗೈಡು ನೋಡಿದಳಾ ಎಂದು ಕೇಳಿದಾಗ, ಬೆಳಗಿನ ಸಿಟ್ಟು ಇನ್ನೂ ಆರಿರಲಿಲ್ಲ ನೋಡು, “ಅವಳೆಲ್ಲಿ ನೋಡ್ತಾಳೆ? ನನ್ನ ಪಕ್ಕದಲ್ಲೇ ದುರ್ಬೀನಿಗೆ ಕಣ್ಣಿಟ್ಟು ಕೂತಿದ್ದಳು. ನಾನು ಬರಿಗಣ್ಣಲ್ಲಿ ನೋಡಿದೆ” ಎಂದು ಸೇರಿಸಿದೆ. ಆ ಮಾತು ಬೇಕಿರಲಿಲ್ಲ ತಮ್ಮಯ್ಯಾ. ಮೊದಲ ಸುಳ್ಳು ನಿನ್ನ ಮೇಲಿನ ಕರುಣೆಗೆ ಹುಟ್ಟಿತು ಅಂತಲೇ ಇಟ್ಟುಕೋ. ಎರಡನೆಯದು ಬರೀ ಹೊಟ್ಟೆಕಿಚ್ಚಿಗೆ ಹುಟ್ಟಿದ್ದು.

ನೀನು ಸುಮ್ಮನಿರುತ್ತೀಯಾ? ಸೋಮವಾರ ನಿನ್ನ ಹಕ್ಕಿ ಸಂಘಕ್ಕೆಲ್ಲ ಡಂಗುರ ಹೊಡೆದೆ. ಸಂಘದ ಕಾರ್ಯದರ್ಶಿ ಇಲ್ಲಿನ ಮ್ಯಾನೇಜರನಿಗೆ ಅಭಿನಂದನೆ ಬರೆದ, ಹರಿದ ಪ್ಯಾಂಟಿನ ಸಮೇತ. ಮಂಗಳವಾರ ಮ್ಯಾನೇಜರು ಗೈಡಮ್ಮನನ್ನು ಕರೆದು ರಿಜಿಸ್ಟರು ತೆರೆದರೆ ಭಾನುವಾರದ ಅಷ್ಟೂ ಸಾಲಿನಲ್ಲಿ ಇಲ್ಲ. ಅವನು ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು, ಅವಳಿಗೂ ರೋಷ ಬರುತ್ತಿತ್ತು. ನಿನ್ನೆ ಅವಳು ನನ್ನ ಕೋಣೆಗೆ ಬಂದಳು. ಜಗಳಕ್ಕೆ ಬಂದಳೆಂದು ನಾನು ಸೆರಗು ಕಟ್ಟಿ ನಿಂತೆ. ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಅಮ್ಮಾ, ಅದು ಯಾವ ಕಡೆಯಿಂದ ಬಂತು? ನಾನಾಗ ಎತ್ತ ನೋಡ್ತಿದ್ದೆ?” ಎಂದು ಕೇಳಿದಳು. ಬಲಗಡೆಯಿಂದ ಅಂದೆ. ನೋಡು, ಮೂರನೇ ಸುಳ್ಳು. ಅವಳು ಮಂಚದ ತುದಿಯಲ್ಲಿ ಕೂತಳು. ಬಲಗಡೆಯನ್ನೇ ನೋಡುತ್ತಿದ್ದಳಂತೆ. “ಹಾಗಾದರೆ ನನ್ನ ಕಣ್ಣು ಹೋಗಿದೆ. ಮೂರು ವರ್ಷದಿಂದ ಇಲ್ಲ ಇಲ್ಲ ಅಂತ ಬರೆದಿದ್ದೀನಲ್ಲ, ಎಷ್ಟು ಸಲ ಬಂದು ಹೋದಳೋ. ಹತ್ತಿರದ್ದು ಕಾಣುತ್ತೆ, ದೂರದ್ದು ಹೋಗಿದೆ. ಹೋದದ್ದು ನನಗೇ ಗೊತ್ತಾಗಲಿಲ್ಲ” ಅಂದಳು. ಆಮೇಲೆ ಕಣ್ಣೊರೆಸಿಕೊಂಡು, “ಹೋಗಲಿ ಬಿಡಿ, ಅವಳು ಸತ್ತಿಲ್ಲವಲ್ಲ, ಅಷ್ಟು ಸಾಕು. ಸತ್ತಳೆಂದು ನಾನು ಮನಸ್ಸಿನಲ್ಲೇ ಬೀಳ್ಕೊಟ್ಟಿದ್ದೆ” ಎಂದು ನಕ್ಕಳು. ಆಗಲೇ ಹೇಳಬೇಕಿತ್ತು. ಇಷ್ಟು ದೊಡ್ಡ ಬಾಯಿಯವಳು ನಾನು, ಬಾಯಿಗೆ ಗುಂಡಿ ಹಾಕಿದಂತೆ ಕೂತೆ. ಶನಿವಾರ ಬೆಳಗ್ಗೆ ಆರರ ಬಸ್ಸಿಗೆ ಅವಳು ತನ್ನ ಅಕ್ಕನ ಊರಿಗೆ ಹೊರಡುತ್ತಾಳೆ. ತಪ್ಪು ಬರೆಯುವವಳು ರಿಜಿಸ್ಟರಿನ ಮುಂದೆ ಕೂರಬಾರದಂತೆ. ಮ್ಯಾನೇಜರು ತಡೆದರೂ ಕೇಳುತ್ತಿಲ್ಲ.

ಕಣ್ಣು ಹೋಗುವುದೆಂದರೇನೆಂದು ನನಗೆ ಹೇಳಿಕೊಡಬೇಕೇ? ಸ್ಕೂಲಿನ ನಲವತ್ತು ಅಂಗಿಗೆ ಕಾಜಾ ಎಡಬಲ ತಪ್ಪಿಸಿ ಹಾಕಿ, ಅವರು ಮೂಟೆ ಕಟ್ಟಿ ವಾಪಸ್ ತಂದ ದಿನ ಮಿಷನ್ನಿಗೆ ಬಟ್ಟೆ ಮುಚ್ಚಿದವಳು ನಾನು. ಆಮೇಲೆ ಒಂದು ವರ್ಷ ಯಾರ ಮೈಮೇಲಿನ ಬಟ್ಟೆಯನ್ನೂ ಕಣ್ಣೆತ್ತಿ ನೋಡಲಿಲ್ಲ. ನಿಜವಾಗಿ ಹೋದ ಕಣ್ಣಿಗೇ ಅಷ್ಟು ಸಂಕಟ. ಚೆನ್ನಾಗಿರುವ ಕಣ್ಣನ್ನು ಬರೀ ನಾಲಿಗೆಯಿಂದ ಕಿತ್ತುಬಿಟ್ಟೆನಲ್ಲ, ನನ್ನನ್ನು ಏನೆಂದು ಕರೆಯುತ್ತೀಯೋ ಕರೆ.

ನಿನ್ನೆಯಿಂದ ತೂಗಿ ತೂಗಿ ನೋಡಿದೆ. ಒಂದು ಕಡೆ ನಿನ್ನ ಕಾಲು, ಇನ್ನೊಂದು ಕಡೆ ಅವಳ ಕಣ್ಣು. ಹದ್ದು ಬಂತೆಂದು ಕೇಳಿದ ಮಾರನೇ ದಿನವೇ ನೀನು ಬಾಗಿಲ ತನಕ ನಡೆದೆ. ಈಗ ಮತ್ತೆ ಗೋಡೆ ಕಡೆ ತಿರುಗಿ ಮಲಗಿದರೆ ನಿನ್ನ ಹೆಂಡತಿಗೆ ನಾನೇನು ಉತ್ತರ ಕೊಡಲಿ? ಆದರೂ ನಿನ್ನದು ಮುರಿದ ಮೂಳೆ, ಕೂಡುತ್ತದೆ ಎಂದು ಡಾಕ್ಟರೇ ಹೇಳಿದ್ದಾರೆ. ಅವಳಿಗೆ ಡಾಕ್ಟರೂ ಇಲ್ಲ, ಕಾಯಿಲೆಯೂ ಇಲ್ಲ. ಅವಳ ಕೈಗೆ ಸಿಗುವ ಔಷಧಿ ನಿಜ ಒಂದೇ. ಬೈಯಬೇಕೆನಿಸಿದರೆ ಬೈ, ಆದರೆ ನಡೆಯುವುದನ್ನು ನಿಲ್ಲಿಸಬೇಡ. ನನ್ನ ಮೇಲಿನ ಸಿಟ್ಟಿಗಾದರೂ ನಡೆ. ನಿನ್ನ ಸಂಘದವರಿಗೆ ನಾಳೆಯೇ ತಿಳಿಸಿ ಬರೆದದ್ದನ್ನು ಹೊಡೆದುಹಾಕಿಸು. ಮುದುಕಿ ಸುಳ್ಳು ಹೇಳಿದಳು ಎಂದೇ ಹೇಳು, ಅಕ್ಕನಿಗೆ ಮಂಜಿನಲ್ಲಿ ಬೇರೇನೋ ಹಾಗೆ ಕಂಡಿರಬೇಕು ಎಂದು ತೇಪೆ ಹಾಕಬೇಡ. ಗೈಡಮ್ಮನಿಗೆ ನಾನು ಈಗಲೇ ಹೋಗಿ ಹೇಳುತ್ತೇನೆ. ಇದನ್ನು ಬರೆದೇ ಧೈರ್ಯ ತಂದುಕೊಳ್ಳುತ್ತಿದ್ದೇನೆ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನಿನ್ನ ಕಾಲು ನೆಟ್ಟಗಾಗಲಿ, ಇಬ್ಬರಿಗೂ ಆಯಸ್ಸು ಗಟ್ಟಿಯಾಗಿರಲಿ. ಸುಳ್ಳಾಡಿದ ಬಾಯಿಯ ಹರಕೆ ಫಲಿಸುತ್ತದೋ ಇಲ್ಲವೋ, ಹರಸುವುದನ್ನಂತೂ ಬಿಡಲಾರೆ.

ನಿನ್ನನ್ನು ಸೊಂಟದಲ್ಲಿ ಹೊತ್ತವಳು,
ಅಕ್ಕ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಗಿ ಹೇಳಿದೆ. ಕೈ ಮುಗಿದು ಹೇಳಿದೆ. ಅವಳು ನಂಬಲಿಲ್ಲ. “ನಿಮ್ಮದು ದೊಡ್ಡ ಮನಸ್ಸಮ್ಮ, ನನ್ನ ಕೆಲಸ ಉಳೀಲಿ ಅಂತ ಈಗ ಸುಳ್ಳು ಹೇಳ್ತಿದ್ದೀರಿ. ಎಡಗಾಲಿನ ಗಾಯ ಯಾವ ಪುಸ್ತಕದಲ್ಲೂ ಇಲ್ಲ. ನೋಡದವರಿಗೆ ಅದು ಹೇಗೆ ಗೊತ್ತಾಗುತ್ತೆ?” ಎಂದು ನನ್ನ ಬೆನ್ನು ಸವರಿ ಸಮಾಧಾನ ಬೇರೆ ಮಾಡಿದಳು. ತಮ್ಮನ ಮನೆಯಲ್ಲಿ ಪಟ ಇದೆ ಎಂದರೆ, “ಇರಲಿ ಬಿಡಿ” ಎನ್ನುತ್ತಾಳೆ. ಟ್ರಂಕು ಕಟ್ಟಿಟ್ಟಿದ್ದಾಳೆ. ಇನ್ನು ನನ್ನ ಮಾತಿನಿಂದ ಆಗುವ ಕೆಲಸವಲ್ಲ ಇದು. ಗೋಡೆಯ ಮೇಲಿನ ಆ ಪಟ ಇಳಿಸಿ, ಎಡಗಾಲು ಸರಿಯಾಗಿ ಕಾಣುವಂತೆ ಒಂದು, ಹಿಂದೆ ಬರೆದಿರುವ ಇಸವಿ ಕಾಣುವಂತೆ ಒಂದು ಫೋಟೊ ತೆಗೆಸಿ ಅವಳಿಗೆ ಕಳಿಸು. ನಂಬರನ್ನು ಮಗಳು ಕೆಳಗೆ ಬರೆಯುತ್ತಾಳೆ. ಕಳಿಸಿ, ಕೂಡಲೇ ನೀನೇ ಮಾತಾಡು. ಹದ್ದು ಬದುಕಿದೆ ಎಂದು ಅವಳು ಖುಷಿಯಲ್ಲಿದ್ದಾಳೆ, ಆ ಖುಷಿಯನ್ನು ನೀನು ನಿನ್ನ ಬಾಯಿಂದಲೇ ಕಿತ್ತುಕೊಳ್ಳಬೇಕು. ನಿನಗೆ ಕಷ್ಟವೆಂದು ಗೊತ್ತು, ಬೇರೆ ದಾರಿ ನನಗೆ ಕಾಣಲಿಲ್ಲ. ನಾಳೆ ಸಂಜೆಯೊಳಗೆ ಆಗಬೇಕು. ನಿಜ ಗೊತ್ತಾದ ಮೇಲೆ ಅವಳು ಬೈಯಲು ಬಂದೇ ಬರುತ್ತಾಳೆ. ಬಾಗಿಲು ತೆರೆದುಕೊಂಡು ಕೂತಿದ್ದೇನೆ.