ಹನ್ನೆರಡನೇ ಪ್ರಶ್ನೆ ನಿನಗಿದೆ, ಅಕ್ಕ

ನನ್ನ ಮುದ್ದು ಅಕ್ಕ,

ಮೂರು ಪುಟ ಕನ್ನಡ ಬರೆದು ಎಷ್ಟು ವರ್ಷವಾಯಿತೋ! ಇಂಗ್ಲಿಷ್ ಮೀಡಿಯಮ್ಮಿನವಳ ಕಾಗುಣಿತ ನೋಡಿ ನಗಬೇಡ. ಅಲ್ಲ, ನಗು. ಈ ಪತ್ರವೇ ನಗುವಿನ ಬಗ್ಗೆ.

ಮೊದಲು ಜಗಳ. ದಿನಾ ಸಂಜೆ ನನ್ನ ಗಂಡನ (ಅಯ್ಯೋ, ಈ ಪದ ಬರೆಯುವಾಗಲೇ ಕೆನ್ನೆ ಬಿಸಿಯಾಗುತ್ತದೆ!) ಕನ್ನಡಕದ ಅಂಗಡಿಗೆ ಫೋನ್ ಮಾಡಿ, "ಎಷ್ಟು ಹೊತ್ತು ಮಲಗಿದ್ಲು? ಜಾಸ್ತಿ ಮಾತಾಡ್ತಿದಾಳಾ? ಮಾತ್ರೆ ತಗೊಂಡ್ಲಾ?" ಎಂದು ಕೇಳುತ್ತೀಯಂತೆ. ಅವನ ಹೊಟ್ಟೆಯಲ್ಲಿ ಗುಟ್ಟು ಅರ್ಧ ದಿನವೂ ನಿಲ್ಲುವುದಿಲ್ಲ, ಗೊತ್ತಿರಲಿ.

ನನಗೆ ಕೋಪವಿಲ್ಲ. ಬೈಪೋಲಾರ್ ಎಂಬ ಹೆಸರು ಸಿಗುವ ಮೊದಲೇ ನನ್ನ ಕಾಯಿಲೆಯನ್ನು ಕಂಡವಳು ನೀನು. ಮೂರು ದಿನ ನಿದ್ದೆಯಿಲ್ಲದೆ ಮನೆಯ ಬಾಗಿಲಿಗೆಲ್ಲ ನಾನು ಹಳದಿ ಬಳಿದಾಗ ಕೈಯಿಂದ ಬ್ರಷ್ ಬಿಡಿಸಿದವಳು ನೀನು. ಆಮೇಲೆ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ದಿನವೂ ತಲೆ ಬಾಚಿದವಳೂ ನೀನೇ. ಅಂದಿನಿಂದ ನಾನು ಜೋರಾಗಿ ನಕ್ಕರೆ ಸಾಕು, ನಿನ್ನ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತದೆ. ನೋಡಿದ್ದೇನೆ.

ನಾನು ಸೇರಿರುವ ಸಂಶೋಧನೆ ನೆನಪಿದೆಯಲ್ಲ? ದಿನಕ್ಕೆ ನಾಲ್ಕು ಸಲ ಮೊಬೈಲು ಕೇಳುತ್ತದೆ: ಈಗ ಮನಸ್ಸು ಹೇಗಿದೆ, ಸೊನ್ನೆಯಿಂದ ಹತ್ತರೊಳಗೆ? ಖುಷಿ ಎಂದರೆ ಮುಂದಿನ ಪ್ರಶ್ನೆ: ಈ ಖುಷಿಯ ಬಗ್ಗೆ ಏನು ಯೋಚಿಸುತ್ತಿದ್ದೀರಿ? 'ಇನ್ನು ನಾನು ಏನು ಬೇಕಾದರೂ ಮಾಡಬಲ್ಲೆ.' 'ಕಾಯಿಲೆ ಮರಳುತ್ತಿದೆ.' 'ಏನೋ ಒಳ್ಳೆಯದಾಗಿದೆ, ಅಷ್ಟೇ.' ಸಂಶೋಧಕಿ ಮೇಡಂ ಹೇಳಿದರು, "ಮನಸ್ಸು ಏರೋದು ಇಳಿಯೋದು ಒಂದು ಕಡೆ. ಅದಕ್ಕೆ ನಾವು ಏನು ಅರ್ಥ ಕೊಡ್ತೀವಿ, ಅದರಿಂದ ಏರಿಳಿತ ಹೆಚ್ಚಾಗುತ್ತಾ ಅಂತ ನೋಡ್ತಿದೀವಿ. ಉತ್ತರ ನಮಗೂ ಗೊತ್ತಿಲ್ಲಮ್ಮ." ಮದುವೆಗೆ ಮುಂಚೆ ನಾನು ಮೂರನೆಯದನ್ನು ಒಮ್ಮೆಯೂ ಒತ್ತಿರಲಿಲ್ಲ.

ಹೋದ ವಾರ, ನನ್ನ ಬಗ್ಗೆ ಜೊತೆಯಲ್ಲಿರುವವರು ತುಂಬಬೇಕಾದ ಹಾಳೆ ಬಂತು. ಇವನು ಅಂಗಡಿಯಲ್ಲೇ ಕೂತು ಶ್ರದ್ಧೆಯಿಂದ ತುಂಬಿ ಕಳಿಸಿದ. ಮಾರನೆಯ ದಿನ ಮೇಡಂ ಫೋನು: "ಹೇಗಿದೀರಾ? ನಾಳೆನೇ ಬನ್ನಿ." ಬೆಳಗಾಗುತ್ತಲೇ ಓಡಿದೆ. ಮೇಡಂ ಮುಂದಿಟ್ಟ ಹಾಳೆ ನೋಡಿದರೆ ಎಲ್ಲಕ್ಕೂ ಹೌದು! ನಿದ್ದೆ ಕಡಿಮೆ, ಮಾತು ಜಾಸ್ತಿ, ಸುಮ್ಮಸುಮ್ಮನೆ ನಗು. ನನಗೇ ಕಾಣದೆ ಮತ್ತೆ ಹಳದಿ ಬಣ್ಣ ಶುರುವಾಯಿತೇ ಎಂದು ಬೆವರಿದೆ. ಕೊನೆಯಲ್ಲಿ 'ಬೇರೆ ಬದಲಾವಣೆ' ಎಂಬಲ್ಲಿ ಬರೆದಿತ್ತು: 'ದಿನಕ್ಕೆ ಎರಡು ಸಲ ಗಡ್ಡ ಬೋಳಿಸಿಕೊಳ್ಳುತ್ತಿದ್ದೇನೆ.'

ಅಕ್ಕಾ, ಪುಣ್ಯಾತ್ಮ ತನ್ನ ಬಗ್ಗೆಯೇ ಬರೆದಿದ್ದ! ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಅವನ ಖುಷಿಯ ಬಗ್ಗೆ ಯಾರೂ ಯಾರ ಅಂಗಡಿಗೂ ಫೋನ್ ಮಾಡುವುದಿಲ್ಲ.

ಕಾವಲು ಬಿಡು ಎನ್ನುವಷ್ಟು ಧೈರ್ಯ ನನಗಿಲ್ಲ. ಎರಡು ದಿನ ನಿದ್ದೆ ಐದು ಗಂಟೆಗಿಂತ ಕಡಿಮೆಯಾದರೆ ನಾನೇ ಹೇಳುತ್ತೇನೆ; ಆಗ ಬಾ, ಬ್ರಷ್ ಕಿತ್ತುಕೋ. ಆದರೆ ಕೇಳುವುದನ್ನು ನನ್ನನ್ನೇ ಕೇಳು.

ತವರಿನವರೊಬ್ಬರು ತುಂಬುವ ಹಾಳೆಯೂ ಇದೆ, ಇದರ ಜೊತೆಗಿಟ್ಟಿದ್ದೇನೆ. ಹನ್ನೆರಡನೇ ಪ್ರಶ್ನೆ: 'ಅವರು ಜೋರಾಗಿ ನಕ್ಕಾಗ ನಿಮ್ಮ ಮನಸ್ಸಿಗೆ ಮೊದಲು ಬರುವುದೇನು?' ನಿಜವನ್ನೇ ಬರೆ. 'ಭಯ' ಎಂದು ಬರೆದರೂ ಬೇಜಾರಿಲ್ಲ. ಬರೆದಾದ ಮೇಲೆ ನನಗೊಂದು ಫೋನ್ ಮಾಡು. ಏನೂ ಕೇಳಬೇಡ. ಗಡ್ಡದ ಕತೆ ಇನ್ನೊಮ್ಮೆ ಹೇಳುತ್ತೇನೆ, ಇಬ್ಬರೂ ನಗೋಣ. ಈ ಸಲ ನಿನ್ನ ಕೈ ಕೆಲಸ ನಿಲ್ಲದಿರಲಿ.

ಇಷ್ಟು ವರ್ಷ ನನ್ನ ನಿದ್ದೆ ಎಣಿಸಿದ ನಿನಗೆ ಇನ್ನು ಕಣ್ತುಂಬ ನಿದ್ದೆ ಬರಲಿ.

ಏಳೂವರೆ ಗಂಟೆ ಮಲಗಿ ಎದ್ದಿರುವ,
ನಿನ್ನ ಗಿರಗಿಟ್ಲೆ